ಕ್ರೈಮ್ ಡೇಟಾ ಇಟ್ಕೊಂಡು ಏರಿಯಾದ ಡಿಪ್ರೈವೇಶನ್ ಅಳೆಯೋದು ಹೇಗೆ: ಇಂಗ್ಲೆಂಡ್ ಡೇಟಾ ಜೊತೆ ಒಂದು ಗೈಡ್

ಯಾವ್ದೋ ಊರಿನ ಕ್ರೈಮ್ ಮ್ಯಾಪ್ ತೆಗೆದು, ಕೆಂಪು ಜಾಸ್ತಿ ಇರೋ ಕಡೆ ಬೆರಳಿಟ್ಟು ಇದೇ ಹಿಂದುಳಿದ ಏರಿಯಾ ಅಂತ ಹೇಳಿಬಿಡೋದು ತುಂಬಾ ಸುಲಭ, ತುಂಬಾ ಜನ ಅದನ್ನೇ ಮಾಡ್ತಾರೆ. ಆದ್ರೆ ಆ ಕೆಂಪು ಬಣ್ಣ ಬಹಳ ಸಲ ತೋರ್ಸೋದು ಅಂಗಡಿ ಬೀದಿ ಎಲ್ಲಿದೆ, ಪಬ್ಬು ಎಲ್ಲಿದಾವೆ, ರೈಲ್ವೆ ಸ್ಟೇಷನ್ ಎಲ್ಲಿದೆ ಅನ್ನೋದನ್ನ. ಅಲ್ಲಿ ಮನೆ ಮಾಡ್ಕೊಂಡಿರೋರ ಬದುಕು ಎಷ್ಟು ಕಷ್ಟದಲ್ಲಿದೆ, ಅಂದ್ರೆ ಡಿಪ್ರೈವೇಶನ್ ಎಷ್ಟಿದೆ, ಅನ್ನೋದು ಅದ್ರಲ್ಲಿ ಕಾಣ್ಸಲ್ಲ. ಅದನ್ನ ಕಾಣ್ಸೋ ಹಾಗೆ ಮಾಡ್ಬೇಕು ಅಂದ್ರೆ ಸ್ವಲ್ಪ ಕೆಲಸ ಇದೆ, ಅದನ್ನೇ ಇಲ್ಲಿ ಬರೀತಿದೀನಿ. ಸ್ಪ್ರೆಡ್‌ಶೀಟ್ ಬಳಸೋಕೆ ಬಂದ್ರೆ ಮುಕ್ಕಾಲು ಭಾಗ ಮಾಡ್ಬಹುದು, ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಬಂದ್ರೆ ಪೂರ್ತಿ.

ಇಂಗ್ಲೆಂಡ್ ಯಾಕೆ ಅಂದ್ರೆ ಅಲ್ಲಿ ಎರಡು ವಿಷ್ಯ ಒಟ್ಟಿಗೆ ಸಿಗುತ್ತೆ. ಒಂದು, ಬೀದಿ ಮಟ್ಟದ ಪೊಲೀಸ್ ಡೇಟಾ ಎಲ್ರಿಗೂ ಫ್ರೀಯಾಗಿ ಓಪನ್ ಇದೆ. ಇನ್ನೊಂದು, ಸರ್ಕಾರವೇ ಮಾಡೋ ಇಂಡೆಕ್ಸ್ ಆಫ್ ಮಲ್ಟಿಪಲ್ ಡಿಪ್ರೈವೇಶನ್, ಅಂದ್ರೆ ಐಎಂಡಿ (ಯಾವ ಏರಿಯಾ ಎಷ್ಟು ವಂಚಿತ ಅಂತ ಹಲವು ವಿಷ್ಯ ಸೇರ್ಸಿ ಹೇಳೋ ಸೂಚ್ಯಂಕ), ಅದ್ರೊಳಗೆ ಕ್ರೈಮಿಗೆ ಅಂತಾನೇ ಒಂದು ಭಾಗ ಇದೆ, ಅದನ್ನ ಹೇಗೆ ಲೆಕ್ಕ ಹಾಕಿದ್ರು ಅನ್ನೋ ಟೆಕ್ನಿಕಲ್ ರಿಪೋರ್ಟೂ ಹೊರಗಡೆ ಇದೆ. ನೀವು ಮಾಡಿದ್ದನ್ನ ಪಕ್ಕದಲ್ಲಿಟ್ಟು ಹೋಲ್ಸಿ ನೋಡೋಕೆ ಇದಕ್ಕಿಂತ ಒಳ್ಳೇ ಜಾಗ ಸಿಗೋದು ಕಷ್ಟ.

ಮೊದ್ಲು ಏನು ಅಳೀತಿದೀರ ಅಂತ ತೀರ್ಮಾನ ಮಾಡಿ

ಐಎಂಡಿಯಲ್ಲಿ ಏಳು ಭಾಗ ಇದಾವೆ. 2019ರ ಆವೃತ್ತಿಯಲ್ಲಿ ಆದಾಯ ಮತ್ತು ಉದ್ಯೋಗಕ್ಕೆ ತಲಾ ಶೇಕಡಾ 22.5, ಶಿಕ್ಷಣ ಮತ್ತು ಆರೋಗ್ಯಕ್ಕೆ ತಲಾ 13.5, ಉಳಿದ ಮೂರಕ್ಕೆ, ಅಂದ್ರೆ ಕ್ರೈಮು, ಮನೆ ಮತ್ತು ಸೌಲಭ್ಯಗಳು ಕೈಗೆಟುಕೋದು, ಸುತ್ತಲಿನ ವಾತಾವರಣ, ಇವಕ್ಕೆ ತಲಾ 9.3. 2000ದ ಆವೃತ್ತಿಯಲ್ಲಿ ಕ್ರೈಮು ಇರ್ಲೇ ಇಲ್ಲ, 2004ರಲ್ಲಿ ಸೇರ್ಸಿದ್ರು. ಬಡತನ ಎಲ್ಲಿದೆ ಅಂತ ಕ್ರೈಮ್ ಮೂಲಕ ಪರೋಕ್ಷವಾಗಿ ಊಹೆ ಮಾಡೋಕೆ ಅಂತ ಅದನ್ನ ಸೇರ್ಸಿದ್ದಲ್ಲ. ಆ ಏರಿಯಾದಲ್ಲಿ ಇರೋರ ಮೇಲೆ, ಅವರ ಆಸ್ತಿ ಮೇಲೆ ಅಪರಾಧ ಆಗೋ ಅಪಾಯ ಎಷ್ಟು ಅನ್ನೋದನ್ನ ಅಳೆಯೋದು ಅದ್ರ ಉದ್ದೇಶ. ಅಂದ್ರೆ ಭಯ ಇಲ್ದೆ ಓಡಾಡೋಕೆ ಆಗ್ದೇ ಇರೋದು, ಮನೆ ಬಾಗಿಲು ಒಡೆಸ್ಕೊಳ್ಳೋದು, ಇದೇ ಒಂದು ಕೊರತೆ, ಕೈಯಲ್ಲಿ ದುಡ್ಡು ಇಲ್ದೇ ಇರೋದು ಹೇಗೆ ಒಂದು ಕೊರತೆಯೋ ಹಾಗೇ. ಪೀಟರ್ ಟೌನ್ಸೆಂಡ್ ಅನ್ನೋ ಸಮಾಜಶಾಸ್ತ್ರಜ್ಞರು ಬಡತನ ಬೇರೆ, ಡಿಪ್ರೈವೇಶನ್ ಬೇರೆ ಅಂತ ಬಿಡ್ಸಿ ಹೇಳಿದ್ರಲ್ಲ, ದುಡ್ಡಿಲ್ದೇ ಇರೋದು ಒಂದು, ಸಮಾಜದಲ್ಲಿ ಎಲ್ರಿಗೂ ಸಾಮಾನ್ಯವಾಗಿ ಸಿಗೋದು ಸಿಗದೇ ಇರೋದು ಇನ್ನೊಂದು, ಆ ಯೋಚನೆ ಇದ್ರ ಹಿಂದೆ ಇದೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಮುಂದಿನ ಪ್ರತಿಯೊಂದು ಹೆಜ್ಜೇನೂ ಇದ್ರ ಮೇಲೆ ನಿಂತಿದೆ. ಯಾವ ಅಪರಾಧ ತಗೋಬೇಕು, ಯಾವ್ದರಿಂದ ಭಾಗಿಸ್ಬೇಕು ಅನ್ನೋ ಪ್ರಶ್ನೆ ಬಂದಾಗೆಲ್ಲ "ಇಲ್ಲಿ ಇರೋರಿಗೆ ಅಪಾಯ ಎಷ್ಟು" ಅಂತ ಕೇಳ್ಕೊಂಡ್ರೆ ಉತ್ತರ ತಾನಾಗೇ ಸಿಗುತ್ತೆ. ಇನ್ನೊಂದು ಎಚ್ಚರಿಕೆ: ಪೂರ್ತಿ ಐಎಂಡಿ ಸ್ಕೋರ್ ತಗೊಂಡು "ಹಿಂದುಳಿದ ಕಡೆ ಕ್ರೈಮ್ ಜಾಸ್ತಿ" ಅಂತ ತೋರ್ಸೋಕೆ ಹೋಗ್ಬೇಡಿ, ಆ ಸ್ಕೋರಿನ ಒಳಗೇ ಕ್ರೈಮು ಕೂತಿದೆ, ಅದನ್ನ ಅದರ ಜೊತೆಗೇ ಹೋಲ್ಸಿದ ಹಾಗಾಗುತ್ತೆ. ಅಂಥ ಹೋಲಿಕೆ ಬೇಕಿದ್ರೆ ಆದಾಯದ ಭಾಗ ಒಂದನ್ನೇ ತಗೊಳ್ಳಿ, ಅದು ಪ್ರತ್ಯೇಕವಾಗಿ ಸಿಗುತ್ತೆ.

ಡೇಟಾ ಇಳಿಸ್ಕೊಳ್ಳೋದು

ಡೇಟಾ ಡಾಟ್ ಪೊಲೀಸ್ ಡಾಟ್ ಯುಕೆ ಅನ್ನೋ ಸೈಟಿಗೆ ಹೋಗಿ, ತಿಂಗಳು ಆರಿಸಿ, ಪೊಲೀಸ್ ಪಡೆ ಆರಿಸಿ, ಕ್ರೈಮ್ ಡೇಟಾ ಅಂತ ಟಿಕ್ ಮಾಡಿ, ಜಿಪ್ ಫೈಲ್ ಬರುತ್ತೆ. ಹಳೇದು ಬೇಕಿದ್ರೆ ಆರ್ಕೈವ್ ಅಂತ ಬೇರೆ ಪುಟ ಇದೆ, ಡೇಟಾ ಶುರುವಾಗೋದು 2010ರ ಡಿಸೆಂಬರಿಂದ. ಓಪನ್ ಗವರ್ನಮೆಂಟ್ ಲೈಸೆನ್ಸ್ ಅಡಿ ಇರೋದ್ರಿಂದ ಮೂಲ ಹೇಳಿ ಯಾರು ಬೇಕಾದ್ರೂ ಬಳಸ್ಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರಾದೇಶಿಕ ಪಡೆಗಳು 43, ಒಂದೊಂದು ಪಡೆಗೆ ತಿಂಗಳಿಗೊಂದು ಸಿಎಸ್‌ವಿ ಫೈಲು.

ಫೈಲ್ ತೆಗೆದ್ರೆ ಒಂದು ಸಾಲು ಒಂದು ಘಟನೆ. ಕ್ರೈಮ್ ಐಡಿ, ತಿಂಗಳು, ಯಾವ ಪಡೆ, ಅಕ್ಷಾಂಶ ರೇಖಾಂಶ, ಜಾಗದ ಹೆಸರು, ಎಲ್‌ಎಸ್‌ಒಎ ಕೋಡ್ (ಯಾವ ಚಿಕ್ಕ ಗಣತಿ ಏರಿಯಾ ಅನ್ನೋದು), ಅಪರಾಧದ ಬಗೆ, ಕೊನೇಗೆ ಏನಾಯ್ತು ಅನ್ನೋದು, ಇಷ್ಟು ಇರುತ್ತೆ. ತಾರೀಖು ಇರಲ್ಲ, ತಿಂಗಳು ಮಾತ್ರ. ಅಕ್ಷಾಂಶ ರೇಖಾಂಶ ನೋಡಿ ಖುಷಿ ಪಡ್ಬೇಡಿ, ಅದು ಘಟನೆ ನಡೆದ ನಿಜವಾದ ಜಾಗ ಅಲ್ಲ. ಸಂತ್ರಸ್ತರ ಗುರುತು ಸಿಗ್ಬಾರ್ದು ಅಂತ ಪ್ರತಿ ಘಟನೆಯನ್ನೂ ಮೊದಲೇ ಗೊತ್ತುಮಾಡಿಟ್ಟಿರೋ ಏಳೂವರೆ ಲಕ್ಷಕ್ಕೂ ಹೆಚ್ಚು ಬಿಂದುಗಳಲ್ಲಿ ಹತ್ತಿರದ ಒಂದಕ್ಕೆ ಸರಿಸಿರ್ತಾರೆ, ಒಂದೊಂದು ಬಿಂದುವಿನ ವ್ಯಾಪ್ತಿಯಲ್ಲಿ ಕನಿಷ್ಠ ಎಂಟು ವಿಳಾಸ ಇರ್ಬೇಕು ಅಥವಾ ಒಂದೂ ಇರ್ಬಾರ್ದು ಅನ್ನೋದು ನಿಯಮ. ಹಾಗಾಗಿ "ಈ ಬೀದಿ ಆ ಬೀದಿಗಿಂತ ಕೆಟ್ಟದು" ಅಂತ ಹೇಳೋಕೆ ಈ ಡೇಟಾ ಆಗಲ್ಲ. ಎಲ್‌ಎಸ್‌ಒಎ ಮಟ್ಟಕ್ಕೆ ಕೂಡಿಸಿದ್ರೆ ಪರ್ವಾಗಿಲ್ಲ, ಅಲ್ಲೂ ಗಡಿ ಪಕ್ಕದ ಕೆಲವು ಘಟನೆ ಆ ಕಡೆ ಈ ಕಡೆ ಬಿದ್ದಿರ್ತಾವೆ ಅನ್ನೋದು ನೆನಪಿರ್ಲಿ.

ಎಲ್‌ಎಸ್‌ಒಎ ಅಂದ್ರೆ ಜನಗಣತಿಗೋಸ್ಕರ ಮಾಡಿರೋ ಚಿಕ್ಕ ಏರಿಯಾ, ಸುಮಾರು 1,000ದಿಂದ 3,000 ಜನ, 400ರಿಂದ 1,200 ಮನೆ. ಐಎಂಡಿ ಲೆಕ್ಕ ಇರೋದೂ ಇದೇ ಮಟ್ಟದಲ್ಲಿ. 2011ರ ಗಣತಿ ಪ್ರಕಾರ ಇಂಗ್ಲೆಂಡಲ್ಲಿ 32,844 ಇದ್ವು, 2021ರ ಗಣತಿ ಆದ್ಮೇಲೆ 33,755 ಆದ್ವು, ಕೆಲವನ್ನ ಒಡೆದಿದಾರೆ, ಕೆಲವನ್ನ ಸೇರ್ಸಿದಾರೆ. ಐಎಂಡಿ 2019 ಹಳೇ ಗಡಿ, 2025ರ ಅಕ್ಟೋಬರಲ್ಲಿ ಬಂದಿರೋದು ಹೊಸ ಗಡಿ. ನಿಮ್ಮ ಕ್ರೈಮ್ ಫೈಲಲ್ಲಿರೋ ಕೋಡು ಯಾವ ಗಡಿದು, ಜನಸಂಖ್ಯೆ ಫೈಲಲ್ಲಿರೋದು ಯಾವ್ದು ಅಂತ ನೋಡ್ದೇ ಜಾಯಿನ್ ಮಾಡಿದ್ರೆ ಒಂದಷ್ಟು ಏರಿಯಾ ಸದ್ದಿಲ್ದೆ ಬಿದ್ದುಹೋಗ್ತಾವೆ. ಒಎನ್‌ಎಸ್‌ನ, ಅಂದ್ರೆ ಅಲ್ಲಿಯ ರಾಷ್ಟ್ರೀಯ ಅಂಕಿಅಂಶ ಕಚೇರಿಯ, ಓಪನ್ ಜಿಯಾಗ್ರಫಿ ಪೋರ್ಟಲಲ್ಲಿ ಹಳೇದರಿಂದ ಹೊಸದಕ್ಕೆ ಹೊಂದಿಸೋ ಟೇಬಲ್ ಇದೆ, ಅದನ್ನ ಮೊದಲೇ ಇಳಿಸಿಟ್ಕೊಳ್ಳಿ. ಜಾಯಿನ್ ಆದ್ಮೇಲೆ ಎಷ್ಟು ಸಾಲು ಹೊಂದಲಿಲ್ಲ ಅಂತ ಎಣಿಸೋದು ಕಡ್ಡಾಯ.

ಕ್ಲೀನ್ ಮಾಡುವಾಗ ನೋಡ್ಬೇಕಾದ್ದು ಇನ್ನೂ ಕೆಲವಿದೆ. ಎಲ್‌ಎಸ್‌ಒಎ ಕೋಡ್ ಖಾಲಿ ಇರೋ ಸಾಲುಗಳನ್ನ ಅಳಿಸೋಕೆ ಮೊದ್ಲು ಅವು ಯಾವ ಬಗೆಯ ಅಪರಾಧದಲ್ಲಿ ಜಾಸ್ತಿ ಅಂತ ಒಂದು ಪಿವೋಟ್ ಟೇಬಲ್ ಹಾಕಿ ನೋಡಿ, ಒಂದೇ ಬಗೆಯಲ್ಲಿ ತುಂಬಾ ಇದ್ರೆ ಆ ಬಗೆಯ ಲೆಕ್ಕ ಎಲ್ಲಾ ಕಡೆ ಕಮ್ಮಿ ಬರುತ್ತೆ. ಒಂದೇ ಕ್ರೈಮ್ ಐಡಿ ಎರಡು ಸಲ ಇದ್ರೆ ಒಂದು ತೆಗೀರಿ, ಆದ್ರೆ ಆಂಟಿ ಸೋಷಿಯಲ್ ಬಿಹೇವಿಯರ್ (ಗಲಾಟೆ, ಅಕ್ಕಪಕ್ಕದೋರಿಗೆ ಕಿರಿಕಿರಿ ಥರದ್ದು) ಸಾಲುಗಳಿಗೆ ಐಡಿನೇ ಇರಲ್ಲ, ಖಾಲಿ ಐಡಿ ಎಲ್ಲಾ ಒಂದೇ ಅಂದ್ಕೊಂಡು ಡುಪ್ಲಿಕೇಟ್ ತೆಗೆಯೋ ಕಮಾಂಡ್ ಹೊಡೆದ್ರೆ ಅವೆಲ್ಲ ಒಂದೇ ಏಟಿಗೆ ಹೋಗ್ಬಿಡುತ್ತೆ. ಗ್ರೇಟರ್ ಮ್ಯಾಂಚೆಸ್ಟರ್ ಪಡೆಯ ಡೇಟಾ ಐಟಿ ಸಿಸ್ಟಮ್ ಬದಲಾವಣೆ ಕಾರಣಕ್ಕೆ 2019ರ ಜುಲೈಯಿಂದ ಈ ಸೈಟಿಗೆ ಬರೋದು ನಿಂತಿತ್ತು, ಹಾಗಾಗಿ ಅಲ್ಲಿ ಸಾಲು ಇಲ್ಲ ಅಂದ್ರೆ ಕ್ರೈಮ್ ಇಲ್ಲ ಅಂತಲ್ಲ. ಸೊನ್ನೆ ಬೇರೆ, ಡೇಟಾ ಇಲ್ದೇ ಇರೋದು ಬೇರೆ, ಪ್ರತಿ ಪಡೆಗೂ ಪ್ರತಿ ತಿಂಗಳು ಎಷ್ಟು ಸಾಲು ಬಂದಿದೆ ಅಂತ ಒಂದು ಟೇಬಲ್ ಹಾಕ್ಕೊಂಡ್ರೆ ಇಂಥದ್ದೆಲ್ಲ ತಕ್ಷಣ ಕಣ್ಣಿಗೆ ಬೀಳುತ್ತೆ.

ಜಾಗದ ಹೆಸರಿನ ಕಾಲಮ್ಮನ್ನ ಹೆಚ್ಚಿನೋರು ನೋಡೋದೇ ಇಲ್ಲ, ನನ್ನ ಪ್ರಕಾರ ಅದು ತುಂಬಾ ಬೆಲೆ ಬಾಳೋ ಕಾಲಮ್ಮು. ಬೀದಿ ಹೆಸರಿನ ಬದ್ಲು ಕೆಲವು ಕಡೆ ಜೈಲು, ಆಸ್ಪತ್ರೆ, ಸೂಪರ್‌ಮಾರ್ಕೆಟ್, ನೈಟ್‌ಕ್ಲಬ್, ಪೊಲೀಸ್ ಸ್ಟೇಷನ್, ಪಾರ್ಕಿಂಗ್ ಅಂತ ಇರುತ್ತೆ. ಯಾವ್ದೋ ಒಂದು ಎಲ್‌ಎಸ್‌ಒಎಯಲ್ಲಿ ಹಿಂಸೆಯ ಪ್ರಮಾಣ ಪಕ್ಕದವಕ್ಕಿಂತ ಹಲವು ಪಟ್ಟು ಇದೆ ಅಂದ್ರೆ ಮೊದ್ಲು ಈ ಕಾಲಮ್ ಫಿಲ್ಟರ್ ಮಾಡಿ ನೋಡಿ, ಅಲ್ಲೊಂದು ಜೈಲೋ ದೊಡ್ಡ ಆಸ್ಪತ್ರೆಯೋ ಇರೋ ಸಾಧ್ಯತೆ ಇದೆ. ಜೈಲೊಳಗೆ ಕೈದಿಗಳ ಮಧ್ಯೆ ಆದ ಹೊಡೆದಾಟ ಹೊರಗಡೆ ಬೀದಿಯಲ್ಲಿ ಸಂಸಾರ ಮಾಡ್ತಿರೋರ ಅಪಾಯ ಅಲ್ಲ. ಅಂಥ ಸಾಲುಗಳನ್ನ ಬೇರೆ ಇಡಿ, ಬೇರೆ ಇಟ್ಟಿದೀವಿ ಅಂತ ಬರೀರಿ.

ಯಾವ ಅಪರಾಧ ತಗೋಬೇಕು, ಯಾವ್ದು ಬಿಡ್ಬೇಕು

ಸೈಟಲ್ಲಿ 14 ಬಗೆ ಇದಾವೆ. ಎಲ್ಲಾ ಕೂಡಿಸಿ ಒಂದು ಒಟ್ಟು ಸಂಖ್ಯೆ ಮಾಡೋದು ಅತ್ಯಂತ ಕೆಟ್ಟ ದಾರಿ, ಯಾಕಂದ್ರೆ ಆ ಒಟ್ಟಿನಲ್ಲಿ ಒಂದು ಸೈಕಲ್ ಕಳವು ಮತ್ತು ಒಂದು ಚಾಕು ತೋರ್ಸಿ ಮಾಡಿದ ದರೋಡೆ ಎರಡೂ ಒಂದೊಂದೇ. ಐಎಂಡಿ 2019 ತಗೊಂಡಿದ್ದು ನಾಲ್ಕು ಗುಂಪು: ಹಿಂಸೆ, ಮನೆ ಅಂಗಡಿ ಕನ್ನಗಳವು, ಕಳ್ಳತನ, ಆಸ್ತಿ ಹಾಳು ಮಾಡೋದು. ಶುರು ಮಾಡೋರಿಗೆ ಇದೇ ಒಳ್ಳೇ ಆಧಾರ.

ಬಿಡ್ಬೇಕಾದ್ದರಲ್ಲಿ ಮೊದಲನೇದು ಡ್ರಗ್ಸ್ ಕೇಸುಗಳು. ಇವು ಯಾರೋ ಬಂದು ದೂರು ಕೊಟ್ಟು ದಾಖಲಾಗೋದು ಕಮ್ಮಿ, ಪೊಲೀಸರು ಎಲ್ಲಿ ಹೋಗಿ ಹುಡುಕ್ತಾರೋ ಅಲ್ಲಿ ಸಿಗುತ್ತೆ. 2016ರಲ್ಲಿ ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ ಅನ್ನೋರು ಅಮೆರಿಕಾದ ಓಕ್ಲಂಡ್ ಊರಿನ ಡೇಟಾ ಇಟ್ಕೊಂಡು ಇದನ್ನ ಚೆನ್ನಾಗಿ ತೋರ್ಸಿದ್ರು: ಸಮೀಕ್ಷೆ ಆಧಾರದ ಅಂದಾಜಿನ ಪ್ರಕಾರ ಡ್ರಗ್ಸ್ ಬಳಸೋರು ಊರಿನ ತುಂಬಾ ಹರಡಿದಾರೆ, ಆದ್ರೆ ಪೊಲೀಸ್ ದಾಖಲೆಯಲ್ಲಿ ಕೆಲವೇ ಏರಿಯಾಗಳಲ್ಲಿ ಗುಂಪಾಗಿ ಕಾಣ್ಸುತ್ತೆ, ಅವು ಬಹುಪಾಲು ಬಡವರು ಮತ್ತು ಬಿಳಿಯರಲ್ಲದವರು ಇರೋ ಏರಿಯಾಗಳು. ಇಂಥ ಡೇಟಾ ನಿಮ್ಮ ಇಂಡೆಕ್ಸಿಗೆ ಹಾಕಿದ್ರೆ ನೀವು ಅಳೀತಿರೋದು ಪೊಲೀಸ್ ಗಸ್ತನ್ನ. ಆ ಇಂಡೆಕ್ಸ್ ನೋಡಿ ಇನ್ನಷ್ಟು ಗಸ್ತು ಹಾಕ್ತಾರೆ, ಇನ್ನಷ್ಟು ಕೇಸು ಬರುತ್ತೆ, ಇಂಡೆಕ್ಸ್ ಇನ್ನಷ್ಟು ಮೇಲೆ ಹೋಗುತ್ತೆ, ಅಲ್ಲಿ ಇರೋರಿಗೆ ಮಾತ್ರ ಏನೂ ಒಳ್ಳೇದಾಗಲ್ಲ. ಆಯುಧ ಇಟ್ಕೊಂಡ ಕೇಸುಗಳಿಗೂ ಇದೇ ಮಾತು, ತಡೆದು ತಪಾಸಣೆ ಮಾಡಿದ ಕಡೆ ಅವು ಸಿಗ್ತಾವೆ.

ಅಂಗಡಿ ಕಳ್ಳತನ ಎಲ್ಲಿ ಅಂಗಡಿ ಇದೆಯೋ ಅಲ್ಲಿ. ಒಂದು ದೊಡ್ಡ ಸೂಪರ್‌ಮಾರ್ಕೆಟ್ ಇರೋ ಎಲ್‌ಎಸ್‌ಒಎ ಬರೀ ಅದೊಂದರಿಂದ ಪಟ್ಟಿಯ ಮೇಲಕ್ಕೆ ಹೋಗುತ್ತೆ, ಸಂತ್ರಸ್ತರು ಅಂಗಡಿ ಮಾಲೀಕರು, ದಾಖಲಾಗೋದೂ ಆ ಅಂಗಡಿಯೋರು ಫೋನ್ ಮಾಡ್ತಾರೋ ಇಲ್ವೋ ಅನ್ನೋದ್ರ ಮೇಲೆ. ಬಿಟ್ಟುಬಿಡಿ. ಸೈಕಲ್ ಕಳವು ಕಾಲೇಜು, ರೈಲ್ವೆ ಸ್ಟೇಷನ್ ಸುತ್ತ, ಅದನ್ನೂ ಬಿಡಿ.

ಆಂಟಿ ಸೋಷಿಯಲ್ ಬಿಹೇವಿಯರ್ ವಿಷ್ಯದಲ್ಲಿ ನಂಗೆ ಎರಡು ಮನಸ್ಸಿದೆ. ಅಲ್ಲಿ ಇರೋರ ನೆಮ್ಮದಿ ದಿನಾ ಹಾಳು ಮಾಡೋದು ಬಹಳ ಸಲ ಇದೇ, ಆ ದೃಷ್ಟಿಯಿಂದ ಬೇಕೇ ಬೇಕು ಅನ್ಸುತ್ತೆ. ಆದ್ರೆ ಇದು ದಾಖಲಾದ ಅಪರಾಧ ಅಲ್ಲ, ಬಂದ ಕರೆಗಳ ಲೆಕ್ಕ, ಒಂದೊಂದು ಪಡೆ ಒಂದೊಂದು ಥರ ಎಣಿಸುತ್ತೆ, ಮತ್ತೆ 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಕೋವಿಡ್ ನಿಯಮ ಮುರಿದ ದೂರುಗಳೂ ಇದ್ರೊಳಗೆ ಬಂದು ಸಂಖ್ಯೆ ಒಮ್ಮೆಲೇ ಏರಿತು. ವೇಲ್ಸ್‌ನ ಡಿಪ್ರೈವೇಶನ್ ಇಂಡೆಕ್ಸ್ ಇದನ್ನ ಸೇರಿಸ್ಕೊಳ್ಳುತ್ತೆ, ಜೊತೆಗೆ ಬೆಂಕಿ ಘಟನೆಗಳನ್ನೂ. ನನ್ನ ಸಲಹೆ, ಒಂದೇ ಪಡೆಯ ಒಳಗೆ ಹೋಲ್ಸೋದಾದ್ರೆ ಸೇರಿಸಿ, ಬೇರೆ ಬೇರೆ ಪಡೆಗಳ ಏರಿಯಾ ಹೋಲ್ಸೋದಾದ್ರೆ ಬಿಡಿ, ಎರಡೂ ಥರ ಮಾಡಿ ನೋಡಿದ್ರೆ ಇನ್ನೂ ಒಳ್ಳೇದು.

ಯಾವ್ದರಿಂದ ಭಾಗಿಸ್ಬೇಕು

ಅರ್ಧ ಕೆಲಸ ಇಲ್ಲೇ ಇರೋದು, ಮತ್ತೆ ಹೆಚ್ಚಿನ ತಪ್ಪು ಆಗೋದೂ ಇಲ್ಲೇ. ಸುಮ್ನೆ ಅಲ್ಲಿ ವಾಸ ಇರೋರ ಸಂಖ್ಯೆಯಿಂದ ಭಾಗಿಸಿದ್ರೆ ಲಂಡನ್‌ನ ವೆಸ್ಟ್ ಎಂಡ್ ಥರದ ಜಾಗ ದೇಶದಲ್ಲೇ ಅತ್ಯಂತ ವಂಚಿತ ಏರಿಯಾ ಅನ್ನೋ ಹಾಗೆ ಬರುತ್ತೆ, ಯಾಕಂದ್ರೆ ಅಲ್ಲಿ ಮಲಗೋರು ಕಮ್ಮಿ, ಹಗಲು ರಾತ್ರಿ ಬಂದು ಹೋಗೋರು ಲೆಕ್ಕ ಇಲ್ಲ. ಜೇಬುಗಳ್ಳತನ ಆಗೋದು ಆ ಬಂದು ಹೋಗೋರಿಗೆ, ಭಾಗಿಸೋದು ಮಾತ್ರ ಅಲ್ಲಿ ಮನೆ ಇರೋರಿಂದ. ಅದಕ್ಕೇ ಐಎಂಡಿಯಲ್ಲಿ ಹಿಂಸೆ, ಕಳ್ಳತನ, ಆಸ್ತಿ ಹಾನಿಗೆ ವಾಸ ಇರೋರ ಜೊತೆ ಹೊರಗಿಂದ ಅಲ್ಲಿ ಕೆಲಸಕ್ಕೆ ಬರೋರನ್ನೂ ಸೇರ್ಸಿ, ಅಪಾಯಕ್ಕೆ ಒಳಗಾಗಬಹುದಾದ ಜನಸಂಖ್ಯೆ ಅಂತ ಲೆಕ್ಕ ಹಾಕಿ, ಅದ್ರ 1,000ಕ್ಕೆ ಎಷ್ಟು ಅಂತ ನೋಡ್ತಾರೆ. ನೀವೂ ಹಾಗೇ ಮಾಡಿ. ವಾಸ ಇರೋರ ಸಂಖ್ಯೆ ಒಎನ್‌ಎಸ್‌ನ ವರ್ಷದ ಮಧ್ಯದ ಅಂದಾಜಿಂದ, ಕೆಲಸದ ಜನಸಂಖ್ಯೆ ಗಣತಿಯಿಂದ, ನೋಮಿಸ್ ಅನ್ನೋ ಸೈಟಲ್ಲಿ ಸಿಗುತ್ತೆ. 2021ರ ಗಣತಿ ನಡೆದಿದ್ದು ಕೋವಿಡ್ ಕಾಲದಲ್ಲಿ, ಮಾರ್ಚ್ 21ಕ್ಕೆ, ಎಷ್ಟೋ ಜನ ಮನೆಯಿಂದ್ಲೇ ಕೆಲಸ ಮಾಡ್ತಿದ್ರು, ಹಾಗಾಗಿ ಊರಿನ ನಡುಭಾಗದ ಏರಿಯಾಗಳಿಗೆ ಆ ಕೆಲಸದ ಲೆಕ್ಕವನ್ನ ಕಣ್ಣುಮುಚ್ಚಿ ನಂಬ್ಬೇಡಿ.

ಕೆಲಸಕ್ಕೆ ಬರೋರನ್ನ ಸೇರಿಸಿದ್ಮೇಲೂ ಶಾಪಿಂಗಿಗೆ, ಕುಡಿಯೋಕೆ, ಸುತ್ತಾಡೋಕೆ ಬರೋರು ಲೆಕ್ಕದಿಂದ ಹೊರಗೇ ಉಳೀತಾರೆ. ಇದಕ್ಕೆ ಪೂರ್ತಿ ಪರಿಹಾರ ಓಪನ್ ಡೇಟಾದಲ್ಲಿ ಇಲ್ಲ. ನಾನಾದ್ರೆ ಊರಿನ ನಡುಭಾಗದ ಎಲ್‌ಎಸ್‌ಒಎಗಳಿಗೆ ಒಂದು ಗುರುತು ಹಾಕಿ, ಮ್ಯಾಪಲ್ಲಿ ಅವುಗಳ ಮೇಲೆ ಗೆರೆ ಎಳೆದು ತೋರಿಸ್ತೀನಿ, ಓದೋರಿಗೆ ಇಲ್ಲಿಯ ಸಂಖ್ಯೆ ಬೇರೆ ಥರದ್ದು ಅಂತ ಗೊತ್ತಾಗ್ಲಿ ಅಂತ.

ಕನ್ನಗಳವಿಗೆ ಜನರಿಂದ ಭಾಗಿಸೋದು ಸರಿಯಲ್ಲ, ಕನ್ನ ಬೀಳೋದು ಕಟ್ಟಡಕ್ಕೆ, ಅದಕ್ಕೆ ಮನೆಗಳ ಸಂಖ್ಯೆಯಿಂದ ಭಾಗಿಸ್ಬೇಕು. ಆದ್ರೆ ಸೈಟಿನ ಡೇಟಾದಲ್ಲಿ ಮನೆಗೆ ಬಿದ್ದ ಕನ್ನ, ಅಂಗಡಿ ಆಫೀಸಿಗೆ ಬಿದ್ದ ಕನ್ನ ಅಂತ ಬೇರೆ ಮಾಡಿರಲ್ಲ, ಹಾಗಾಗಿ ವ್ಯಾಪಾರದ ವಿಳಾಸಗಳನ್ನೂ ಕೂಡಿಸ್ಕೊಂಡು ಭಾಗಿಸೋದೇ ನ್ಯಾಯ, ಅಧಿಕೃತ ಲೆಕ್ಕದಲ್ಲೂ ಹಾಗೇ.

ಇನ್ನು ವಾಹನಕ್ಕೆ ಸಂಬಂಧಪಟ್ಟ ಅಪರಾಧ ತಗೊಳ್ಳೋದಾದ್ರೆ ಇದನ್ನ ಯೋಚ್ನೆ ಮಾಡಿ. ಬಡ ಏರಿಯಾಗಳಲ್ಲಿ ಕಾರೇ ಕಮ್ಮಿ. ಕಾರು ಇಲ್ದೇ ಇರೋದನ್ನ ಡಿಪ್ರೈವೇಶನ್ನಿನ ಸೂಚಕ ಅಂತಾನೇ ಟೌನ್ಸೆಂಡ್ ಇಂಡೆಕ್ಸ್ ಬಳಸುತ್ತೆ. ಜನರಿಂದ ಭಾಗಿಸಿದ್ರೆ ಅಂಥ ಏರಿಯಾದಲ್ಲಿ ಕಾರು ಕಳವು ಕಮ್ಮಿ ಅಂತ ಬರುತ್ತೆ, ಆದ್ರೆ ಇರೋ ಕೆಲವೇ ಕಾರುಗಳ ಅಪಾಯ ಜಾಸ್ತಿನೇ ಇರ್ಬಹುದು. ಗಣತಿಯಲ್ಲಿ ಮನೆಗೆ ಎಷ್ಟು ಕಾರು ಅನ್ನೋ ಟೇಬಲ್ ಇದೆ, ಅದ್ರಿಂದ ಒಟ್ಟು ಕಾರು ಅಂದಾಜು ಮಾಡಿ ಭಾಗಿಸಿ ನೋಡಿ, ಕೆಲವು ಏರಿಯಾಗಳ ಜಾಗ ಪಟ್ಟಿಯಲ್ಲಿ ಪೂರ್ತಿ ಬದಲಾಗೋದನ್ನ ನೀವೇ ನೋಡ್ಬಹುದು.

ಚಿಕ್ಕ ಸಂಖ್ಯೆಗಳನ್ನ ನಂಬ್ಬೇಡಿ

1,500 ಜನ ಇರೋ ಏರಿಯಾದಲ್ಲಿ ಒಂದು ವರ್ಷಕ್ಕೆ ದರೋಡೆ ಆಗೋದು ಬೆರಳೆಣಿಕೆಯಷ್ಟು. ಹೋದ ವರ್ಷ 2, ಈ ವರ್ಷ 6 ಅಂದ್ರೆ ಮೂರು ಪಟ್ಟು ಅಂತ ಹೆಡ್‌ಲೈನ್ ಬರೀಬಹುದು, ಆದ್ರೆ ಅದು ಬರೀ ಆಕಸ್ಮಿಕ ಏರಿಳಿತ ಇರೋ ಸಾಧ್ಯತೆ ಇದೆ. ಮೊದಲನೇ ಉಪಾಯ, ಎರಡು ಅಥವಾ ಮೂರು ವರ್ಷದ ಡೇಟಾ ಕೂಡಿಸೋದು, ಐಎಂಡಿ 2019ರಲ್ಲೂ 2016-17 ಮತ್ತು 2017-18 ಎರಡು ವರ್ಷ ಸೇರ್ಸಿದಾರೆ. ಎರಡನೇದು ಶ್ರಿಂಕೇಜ್, ಅಂದ್ರೆ ಡೇಟಾ ಕಮ್ಮಿ ಇರೋ ಏರಿಯಾದ ರೇಟನ್ನ ಅದು ಇರೋ ಜಿಲ್ಲೆಯ ಸರಾಸರಿ ಕಡೆಗೆ ಸ್ವಲ್ಪ ಎಳೆಯೋದು.

ಒಂದು ಕಲ್ಪಿತ ಲೆಕ್ಕ ಹಾಕೋಣ. ಜಿಲ್ಲೆಯ ಸರಾಸರಿ 1,000ಕ್ಕೆ 2 ದರೋಡೆ. ನಿಮ್ಮ ಏರಿಯಾದಲ್ಲಿ 1,500 ಜನ, 9 ದರೋಡೆ, ಅಂದ್ರೆ 1,000ಕ್ಕೆ 6. ಜಿಲ್ಲೆಯ ಸರಾಸರಿಗೂ 1,500 ಜನದ ತೂಕ ಕೊಡ್ತೀವಿ ಅಂದ್ಕೊಳ್ಳಿ, ಅಷ್ಟು ಜನಕ್ಕೆ ಸರಾಸರಿ ಪ್ರಕಾರ 3 ದರೋಡೆ. ಈಗ (9 + 3) ÷ (1,500 + 1,500), ಅಂದ್ರೆ 1,000ಕ್ಕೆ 4. ಏರಿಯಾ ಈಗ್ಲೂ ಸರಾಸರಿಗಿಂತ ಎರಡು ಪಟ್ಟು ಮೇಲಿದೆ, ಆದ್ರೆ ಮೂರು ಪಟ್ಟು ಅಂತ ಕೂಗೋ ಅಷ್ಟು ಪುರಾವೆ ಇಲ್ಲ ಅಂತ ಈ ಲೆಕ್ಕ ಹೇಳುತ್ತೆ. ಆ ತೂಕ ಎಷ್ಟಿರ್ಬೇಕು ಅನ್ನೋದನ್ನ ಕೈಯಿಂದ ಹಾಕ್ಬಾರ್ದು, ಜಿಲ್ಲೆಯೊಳಗಿನ ಏರಿಯಾಗಳ ಮಧ್ಯೆ ನಿಜವಾದ ವ್ಯತ್ಯಾಸ ಎಷ್ಟಿದೆ ಅನ್ನೋದ್ರಿಂದ ಅಂದಾಜು ಮಾಡ್ಬೇಕು, ವ್ಯತ್ಯಾಸ ಜಾಸ್ತಿ ಇದ್ರೆ ತೂಕ ಕಮ್ಮಿ. ಆರ್‌ನಲ್ಲಿ, ಪೈಥಾನಲ್ಲಿ ಎಂಪಿರಿಕಲ್ ಬೇಯ್ಸ್ ಅಂತ ಹುಡುಕಿದ್ರೆ ರೆಡಿ ಪ್ಯಾಕೇಜ್ ಇದೆ.

ಒಂದೇ ಸ್ಕೋರ್ ಮಾಡೋದು

ಈಗ ಪ್ರತಿ ಎಲ್‌ಎಸ್‌ಒಎಗೆ ನಾಲ್ಕು ರೇಟ್ ಇದಾವೆ. ನೇರವಾಗಿ ಕೂಡಿಸಿದ್ರೆ ಯಾವ್ದರ ಸಂಖ್ಯೆ ದೊಡ್ಡದೋ ಅದೇ ಗೆಲ್ಲುತ್ತೆ, ಸಾಮಾನ್ಯವಾಗಿ ಹಿಂಸೆ. ಅದಕ್ಕೆ ಒಂದೊಂದು ರೇಟಿಗೂ ಬೇರೆ ಬೇರೆ ರ‍್ಯಾಂಕ್ ಕೊಟ್ಟು, ಆ ರ‍್ಯಾಂಕನ್ನ ಒಟ್ಟು ಏರಿಯಾಗಳಿಗೆ ಒಂದು ಸೇರ್ಸಿ ಬಂದ ಸಂಖ್ಯೆಯಿಂದ ಭಾಗಿಸಿ, ನಾರ್ಮಲ್ ಕರ್ವಿನ (ಗಂಟೆ ಆಕಾರದ ಹಂಚಿಕೆಯ) ಸ್ಕೋರಿಗೆ ಬದಲಾಯಿಸಿ. ಸ್ಪ್ರೆಡ್‌ಶೀಟಲ್ಲಿ ಇದಕ್ಕೆ ಒಂದೇ ಫಾರ್ಮುಲಾ ಸಾಕು. ಆಮೇಲೆ ತೂಕ ಕೊಟ್ಟು ಕೂಡಿಸಿ. ಅಧಿಕೃತ ಲೆಕ್ಕದಲ್ಲಿ ಫ್ಯಾಕ್ಟರ್ ಅನಾಲಿಸಿಸ್ (ಈ ರೇಟುಗಳು ಒಂದರ ಜೊತೆ ಒಂದು ಎಷ್ಟು ಏರಿಳಿಯುತ್ತೆ ಅಂತ ನೋಡೋ ಲೆಕ್ಕ) ಮಾಡಿ ತೂಕ ತೆಗೀತಾರೆ, ನೀವು ಸಮ ತೂಕದಿಂದ ಶುರು ಮಾಡಿದ್ರೆ ತಪ್ಪಿಲ್ಲ. ಅಪರಾಧದ ಗಂಭೀರತೆ ಪ್ರಕಾರ ತೂಕ ಕೊಡೋ ಇನ್ನೊಂದು ದಾರಿಯೂ ಇದೆ, ಒಎನ್‌ಎಸ್‌ನ ಕ್ರೈಮ್ ಸಿವಿಯಾರಿಟಿ ಸ್ಕೋರ್ ಶಿಕ್ಷೆಯ ಪ್ರಮಾಣದ ಮೇಲೆ ನಿಂತಿದೆ, ಆದ್ರೆ ಸೈಟಲ್ಲಿ ಹಿಂಸೆ ಮತ್ತು ಲೈಂಗಿಕ ಅಪರಾಧ ಎಲ್ಲಾ ಒಂದೇ ಬಗೆಯಾಗಿ ಸೇರಿರೋದ್ರಿಂದ ಓಪನ್ ಡೇಟಾ ಇಟ್ಕೊಂಡು ಅದನ್ನ ಸರಿಯಾಗಿ ಮಾಡೋಕೆ ಆಗಲ್ಲ.

ಕ್ರೈಮ್ ಸ್ಕೋರನ್ನ ಆದಾಯ, ಆರೋಗ್ಯ ಜೊತೆ ಸೇರಿಸೋದಾದ್ರೆ ಇನ್ನೊಂದು ಹೆಜ್ಜೆ ಇದೆ. ಐಎಂಡಿಯಲ್ಲಿ ಪ್ರತಿ ಭಾಗದ ರ‍್ಯಾಂಕನ್ನ 0ಯಿಂದ 100ರ ಮಧ್ಯೆ ಎಕ್ಸ್‌ಪೊನೆನ್ಶಿಯಲ್ ಆಗಿ ಹಿಗ್ಗಿಸ್ತಾರೆ, ಅತ್ಯಂತ ವಂಚಿತ ಶೇಕಡಾ 10ರಷ್ಟು ಏರಿಯಾಗಳಿಗೆ 50ರಿಂದ 100 ಬರುತ್ತೆ, ನಡುಮಧ್ಯದ ಏರಿಯಾಗೆ ಬರೀ 16ರ ಹತ್ರ. ಯಾಕೆ ಅಂದ್ರೆ, ಒಂದು ಏರಿಯಾ ಕ್ರೈಮಲ್ಲಿ ತೀರಾ ಕೆಟ್ಟ ಸ್ಥಿತಿಯಲ್ಲಿದ್ದು ಶಿಕ್ಷಣದಲ್ಲಿ ಚೆನ್ನಾಗಿದ್ರೆ, ಎರಡೂ ಸೇರಿ ಸರಾಸರಿ ಅಂತ ಆಗಿ ಆ ಕಷ್ಟ ಮುಚ್ಚಿಹೋಗ್ಬಾರ್ದು. ಈ ಒಂದು ತೀರ್ಮಾನ ನಂಗೆ ತುಂಬಾ ಸರಿ ಅನ್ಸುತ್ತೆ, ಒಂದು ಕಡೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಇನ್ನೊಂದು ಕಡೆಯ ಪೆಟ್ಟು ಕಮ್ಮಿ ಆಗಲ್ಲ.

ನಂಬೋಕೆ ಮೊದ್ಲು ಪರೀಕ್ಷೆ ಮಾಡಿ

ನಿಮ್ಮ ಸ್ಕೋರನ್ನ ಐಎಂಡಿಯ ಕ್ರೈಮ್ ಭಾಗದ ಜೊತೆ ಸ್ಕ್ಯಾಟರ್ ಪ್ಲಾಟ್ ಹಾಕಿ. ಪೂರ್ತಿ ಹೊಂದಲ್ಲ, ಹೊಂದ್ಬೇಕಾಗೂ ಇಲ್ಲ, ಅವರ ಹತ್ರ ಇರೋ ಪೊಲೀಸ್ ಡೇಟಾ ಇನ್ನೂ ವಿವರವಾದದ್ದು, ವರ್ಷಗಳೂ ಬೇರೆ. ಗೆರೆಯಿಂದ ತುಂಬಾ ದೂರ ಬಿದ್ದಿರೋ ಏರಿಯಾಗಳನ್ನ ಒಂದೊಂದಾಗಿ ತೆಗೆದು ನೋಡಿ, ಜೈಲು, ಹೊಸ ಶಾಪಿಂಗ್ ಸೆಂಟರ್, ಗಡಿ ಬದಲಾವಣೆ, ಇಂಥದ್ದೇನಾದ್ರೂ ಸಿಗುತ್ತೆ. ಆಮೇಲೆ ತೂಕ ಬದಲಾಯಿಸಿ, ಒಂದು ಅಪರಾಧದ ಬಗೆ ತೆಗೆದು, ಮತ್ತೆ ಲೆಕ್ಕ ಹಾಕಿ. ಯಾವ ತೂಕ ಹಾಕಿದ್ರೂ ಅತ್ಯಂತ ವಂಚಿತ ಶೇಕಡಾ 10ರಲ್ಲೇ ಇರೋ ಏರಿಯಾಗಳ ಬಗ್ಗೆ ಧೈರ್ಯವಾಗಿ ಮಾತಾಡಿ, ಒಂದು ಸಲ ಒಳಗೆ ಒಂದು ಸಲ ಹೊರಗೆ ಹೋಗೋವುಗಳ ಬಗ್ಗೆ ಹುಷಾರು.

ಎಲ್ಲಕ್ಕಿಂತ ದೊಡ್ಡ ಕೊರತೆ ಅಂದ್ರೆ ದಾಖಲಾಗದೇ ಇರೋ ಅಪರಾಧ. 2014ರ ನವೆಂಬರಲ್ಲಿ ಪೊಲೀಸ್ ಪರಿಶೀಲನಾ ಸಂಸ್ಥೆ ಎಚ್‌ಎಂಐಸಿ ಕೊಟ್ಟ ವರದಿ ಪ್ರಕಾರ, ಪೊಲೀಸರಿಗೆ ಜನ ಹೇಳಿದ ಅಪರಾಧಗಳಲ್ಲೇ ಶೇಕಡಾ 19ರಷ್ಟು ದಾಖಲಾಗಿರಲಿಲ್ಲ, ಹಿಂಸೆಯಲ್ಲಿ ಅದು 33. ಅದೇ ವರ್ಷದ ಜನವರಿಯಲ್ಲಿ ಪೊಲೀಸ್ ದಾಖಲೆಯ ಅಂಕಿ ಅಂಶಗಳಿಗೆ ಇದ್ದ ನ್ಯಾಷನಲ್ ಸ್ಟಾಟಿಸ್ಟಿಕ್ಸ್ ಮಾನ್ಯತೆಯನ್ನೂ (ಗುಣಮಟ್ಟದ ಅಧಿಕೃತ ಮುದ್ರೆ) ತೆಗೆದಿದ್ರು. ಆಮೇಲೆ ದಾಖಲಿಸೋದು ಸುಧಾರಿಸ್ತು, ಹಿಂಸೆಯ ಸಂಖ್ಯೆ ಏರ್ತು, ಹಾಗಾಗಿ 2013ರ ಹಿಂಸೆಯನ್ನ 2018ರ ಜೊತೆ ಹೋಲ್ಸಿ ಏರಿಯಾ ಹಾಳಾಯ್ತು ಅನ್ನೋದು ಸರಿಯಲ್ಲ. ಇನ್ನು ಪೊಲೀಸರಿಗೆ ಹೇಳ್ದೇ ಉಳಿಯೋದು ಇದಕ್ಕೂ ಹೊರಗೆ. ಇನ್ಶೂರೆನ್ಸ್ ಇರೋ ಮನೆಯೋರು ಕ್ಲೇಮ್ ಮಾಡೋಕಾದ್ರೂ ಕನ್ನದ ದೂರು ಕೊಡ್ತಾರೆ, ಇನ್ಶೂರೆನ್ಸ್ ಇಲ್ದೋರಿಗೆ, ಪೊಲೀಸರ ಮೇಲೆ ನಂಬಿಕೆ ಕಳ್ಕೊಂಡೋರಿಗೆ ಆ ಕಾರಣ ಇರಲ್ಲ. ಅಂದ್ರೆ ಅತ್ಯಂತ ಕಷ್ಟದಲ್ಲಿರೋ ಏರಿಯಾದಲ್ಲೇ ಡೇಟಾ ಅತ್ಯಂತ ಕಮ್ಮಿ ಹೇಳೋ ಸಾಧ್ಯತೆ ಇದೆ, ಇದು ನನ್ನನ್ನ ತುಂಬಾ ಕಾಡೋ ವಿಷ್ಯ. ಜನರನ್ನೇ ನೇರವಾಗಿ ಕೇಳೋ ಕ್ರೈಮ್ ಸರ್ವೆ 1982ರಿಂದ ನಡೀತಿದೆ, ಆದ್ರೆ ಅದ್ರ ಫಲಿತಾಂಶ ಎಲ್‌ಎಸ್‌ಒಎ ಮಟ್ಟಕ್ಕೆ ಇಳಿಯಲ್ಲ. ಹಾಗಾಗಿ ಸ್ಕೋರ್ ಕಮ್ಮಿ ಬಂದಿರೋ, ಆದ್ರೆ ಆದಾಯದಲ್ಲಿ ತೀರಾ ಹಿಂದುಳಿದಿರೋ ಏರಿಯಾಗಳ ಒಂದು ಪಟ್ಟಿ ಬೇರೆ ಮಾಡಿ, ಅಲ್ಲಿ ಇರೋರನ್ನ, ಅಲ್ಲಿಯ ಸಮುದಾಯ ಕೇಂದ್ರದೋರನ್ನ ಕೇಳಿ ನೋಡಿ.

ಬರೆಯುವಾಗ

ಏರಿಯಾದ ಸ್ಕೋರ್ ಅಲ್ಲಿರೋ ವ್ಯಕ್ತಿಯ ಸ್ಕೋರ್ ಅಲ್ಲ. ಏರಿಯಾ ಮಟ್ಟದಲ್ಲಿ ಕಂಡ ಸಂಬಂಧ ವ್ಯಕ್ತಿ ಮಟ್ಟದಲ್ಲಿ ಉಲ್ಟಾನೇ ಇರ್ಬಹುದು ಅಂತ ರಾಬಿನ್ಸನ್ ಅನ್ನೋ ಸಮಾಜಶಾಸ್ತ್ರಜ್ಞರು 1950ರಲ್ಲೇ ತೋರ್ಸಿದಾರೆ. ಮತ್ತೆ ಬಡತನ ಒಂದೇ ಎಲ್ಲಾ ಹೇಳಲ್ಲ: ಸ್ಯಾಂಪ್ಸನ್ ಮತ್ತು ಜೊತೆಗಾರರು ಚಿಕಾಗೋದ 343 ಏರಿಯಾಗಳಲ್ಲಿ 8,782 ಜನರನ್ನ ಮಾತಾಡ್ಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಕಪಕ್ಕದೋರು ಒಬ್ಬರನ್ನೊಬ್ಬರು ನಂಬಿ ಏನಾದ್ರೂ ಆದಾಗ ಮುಂದೆ ಬರೋ ಕಡೆ, ಬಡತನ ಲೆಕ್ಕಕ್ಕೆ ತಗೊಂಡ ಮೇಲೂ, ಹಿಂಸೆ ಕಮ್ಮಿ ಇತ್ತು. ನಿಮ್ಮ ಸ್ಕೋರಲ್ಲಿ ಆ ಬಲ ಎಲ್ಲೂ ಕಾಣ್ಸಲ್ಲ.

ರ‍್ಯಾಂಕ್ ಅನ್ನೋದು ಬೇರೆಯವರಿಗೆ ಹೋಲಿಸಿದ ಜಾಗ ಅಷ್ಟೇ. ಕಳೆದ ಸಲ 900ನೇದಿದ್ದ ಏರಿಯಾ ಈಗ 600ನೇದು (1 ಅಂದ್ರೆ ಅತ್ಯಂತ ವಂಚಿತ) ಅಂದ್ರೆ ಅಲ್ಲಿ ಅಪರಾಧ ಜಾಸ್ತಿ ಆಗಿರ್ಬೇಕು ಅಂತೇನಿಲ್ಲ, ಬೇರೆ ಕಡೆ ಕಮ್ಮಿ ಆಗಿರ್ಬಹುದು. ಬದಲಾವಣೆ ಬಗ್ಗೆ ಬರೆಯೋದಾದ್ರೆ ರೇಟನ್ನೇ ತೋರ್ಸಿ. "ಅತ್ಯಂತ ಅಪಾಯಕಾರಿ ಏರಿಯಾ" ಅನ್ನೋ ಪಟ್ಟಿ ದಯವಿಟ್ಟು ಮಾಡ್ಬೇಡಿ. ಎಸೆಕ್ಸ್ ಕರಾವಳಿಯ ಜೇವಿಕ್ 2010, 2015, 2019ರ ಐಎಂಡಿಯಲ್ಲಿ ದೇಶದ ಅತ್ಯಂತ ವಂಚಿತ ಏರಿಯಾ ಅಂತ ಬಂತು, ಪ್ರತಿ ಸಲವೂ ಊರಿನ ಹೆಸರು ಆ ಒಂದೇ ಕಾರಣಕ್ಕೆ ಸುದ್ದಿಯಾಯ್ತು, ಅಲ್ಲಿ ಬದುಕ್ತಿರೋರು ಆ ಹಣೆಪಟ್ಟಿ ಹೊತ್ಕೊಂಡೇ ಕೆಲಸಕ್ಕೆ, ಸ್ಕೂಲಿಗೆ ಹೋಗ್ಬೇಕು. ಅದ್ರ ಬದಲು ಏರಿಯಾಗಳನ್ನ ಹತ್ತು ಗುಂಪಾಗಿ ತೋರ್ಸಿ, ಪ್ರತಿ ಗುಂಪಲ್ಲೂ ಯಾವ ಬಗೆಯ ಅಪರಾಧ ಸ್ಕೋರನ್ನ ಮೇಲಕ್ಕೆ ಒಯ್ದಿದೆ ಅಂತ ಬರೀರಿ, ಕನ್ನ ಜಾಸ್ತಿ ಇರೋ ಕಡೆ ಬಾಗಿಲು ಬೀಗಕ್ಕೆ ದುಡ್ಡು ಬೇಕು, ಮನೆಯೊಳಗಿನ ಹಿಂಸೆ ಜಾಸ್ತಿ ಇರೋ ಕಡೆ ಬೇರೇನೇ ಬೇಕು, ಕೌನ್ಸಿಲಿನೋರಿಗೆ ಅದೇ ಉಪಯೋಗಕ್ಕೆ ಬರೋದು.

ಮ್ಯಾಪಿನ ಕೆಳಗೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಗಡಿ, ಯಾವ ಬಗೆಗಳನ್ನ ಬಿಟ್ರಿ, ಯಾವ್ದರಿಂದ ಭಾಗಿಸಿದ್ರಿ, ಯಾವ ಪಡೆಯ ಡೇಟಾ ಇಲ್ಲ ಅನ್ನೋದನ್ನ ಬರೆದು, ಕೋಡು ಮತ್ತು ಏರಿಯಾವಾರು ಟೇಬಲ್ ಎರಡನ್ನೂ ಹಾಕಿ, ಆ ಏರಿಯಾದಲ್ಲಿ ಇರೋ ಯಾರಾದ್ರೂ "ನಮ್ಮ ಬೀದಿಗೆ ಈ ಸಂಖ್ಯೆ ಹೇಗೆ ಬಂತು" ಅಂತ ಕೇಳಿದ್ರೆ ಸಾಲು ಸಾಲಾಗಿ ತೋರ್ಸೋ ಹಾಗಿರ್ಲಿ.